ಎಂತ ಆಗುದಿಲ್ಲ ಅಕ್ಕ

ಬಂದರಿನ ಮೀನೂಟದ ಹೋಟೆಲಿನ ಸಪ್ಲಾಯರೊಬ್ಬರು ಹುರಿದ ಮೀನಿನ ತಟ್ಟೆಯನ್ನು ನಮ್ಮ ಮೂಗಿನ ಹತ್ತಿರವೇ ಹಿಡಿಯುತ್ತಿದ್ದರು. ಏನು ಕೇಳಿದರೂ, "ಎಂತ ಆಗುದಿಲ್ಲ, ತಿನ್ನಿ ಮಾರಾಯ್ರೆ."

ನನ್ನ ಹೆಂಡತಿಗೆ ಸಿಗಡಿಯ ಅಲರ್ಜಿ. ಅಂದು ಅವಳು ಕೇಳಿದಳು, "ಸಿಗಡಿ ಹುರಿದ ಕಾವಲಿಯಲ್ಲೇ ಈ ಬಂಗುಡೆ ಹುರಿದದ್ದಾ?"

"ಎಂತ ಆಗುದಿಲ್ಲ ಅಕ್ಕ."

ಎರಡು ತುತ್ತಿಗೆ ಅವಳ ತುಟಿ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ಸಪ್ಲಾಯರು ತಟ್ಟೆ ಬಿಸಾಡಿ ಓಡಿದರು, ರಿಕ್ಷಾವೊಂದಕ್ಕೆ ಅಡ್ಡ ನಿಂತರು, ನಮ್ಮೊಡನೆ ಹತ್ತಿದರು. ಆಸ್ಪತ್ರೆಯವರೆಗೂ "ಎಂತ ಆಗುದಿಲ್ಲ" ಎನ್ನುತ್ತಲೇ ಇದ್ದರು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ; ಆದರೆ ಆ ನಡುಗುವ ಸ್ವರ ಈಗಲೂ ಕಿವಿಯಲ್ಲಿದೆ.

ಬದುಕಿ ಬಂದ ಹೆಂಡತಿ ಒಪ್ಪುವುದಿಲ್ಲ. "ರಿಕ್ಷಾದಲ್ಲಿ ಅವರು ಬಾಯಿಯೇ ಬಿಡ್ಲಿಲ್ಲ. ಹಾಗೆ ಹೇಳ್ತಾ ಇದ್ದದ್ದು ನೀವು. ಅದನ್ನು ಕೇಳಿಯೇ ನಂಗೆ ಹೆದರಿಕೆ ಆದದ್ದು."