ಕೆಮ್ಮಿ ಒಳಗೆ ಬರುವ ದೆವ್ವ

ನಾನು ಬರೆದ ಆಟದಲ್ಲಿ ಮೂರನೆಯ ಸಲ ಸೋತ ಮೇಲೆ ಆಪಾ ಮೌಸಿನ ವೈರನ್ನು ಎರಡು ಸುತ್ತು ಸುತ್ತಿ ಕೀಬೋರ್ಡಿನ ಪಕ್ಕಕ್ಕೆ ಇಟ್ಟರು. ಆಮೇಲೆ ಮಾನಿಟರಿನ ಮೇಲೆ ಬಟ್ಟೆಯ ಹೊದಿಕೆ ಎಳೆದು ಅದರ ಅಂಚು ನೇರ ಮಾಡಿದರು. ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ. ಆ ಹೊದಿಕೆಯನ್ನು ಅವರು ಹಾಕುತ್ತಿದ್ದುದು ಸಂಜೆ ಕ್ಲಾಸು ಮುಚ್ಚುವಾಗ ಮಾತ್ರ.

ಅಕ್ಕ ಎನ್ನುವಂತೆ ನಾವೆಲ್ಲ ಆಪಾ ಎಂದು ಕರೆಯುತ್ತಿದ್ದ ಅವರು ಬೈಲಹೊಂಗಲದಲ್ಲಿ ನಮ್ಮ ಓಣಿಯ ಕೊನೆಗಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಎರಡು ಹೆಣ್ಣುಮಕ್ಕಳ ತಾಯಿ, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಧಾರವಾಡದಲ್ಲಿ ಎಂ.ಸಿ.ಎ. ಕೊನೆಯ ವರ್ಷದಲ್ಲಿದ್ದೆ. ಊರಿಗೆ ಬಂದಾಗ ಅವರು ನನಗೆ ಒಂದು ಕಂಪ್ಯೂಟರು ಬಿಟ್ಟುಕೊಡುತ್ತಿದ್ದರು. ಸಹಪಾಠಿಗಳೆಲ್ಲ ಗ್ರಂಥಾಲಯದ ಪುಸ್ತಕ ವಿತರಣೆ, ಮಾರ್ಕ್ಸ್ ಕಾರ್ಡು ಇಂಥ ಪ್ರಾಜೆಕ್ಟು ಆರಿಸಿಕೊಂಡಿದ್ದರೆ ನಾನು ಭಯದ ಆಟವೊಂದನ್ನು ಬರೆಯುತ್ತಿದ್ದೆ. ಹಳೆಯ ಮನೆಯೊಂದರಲ್ಲಿ ಹನ್ನೆರಡು ಕೋಣೆ, ಹುಡುಕಬೇಕಾದ ಒಂದು ಕೀಲಿಕೈ, ಬೆನ್ನು ಹತ್ತುವ ಒಂದು ದೆವ್ವ.

ಕಾಲೇಜಿನಲ್ಲಿ ನಮ್ಮ ಪ್ರಾಜೆಕ್ಟಿನ ಗೈಡ್ ಅದನ್ನು ಒಪ್ಪಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಸೋಮವಾರ ತಾವೇ ಆಡಿ ನೋಡುವುದಾಗಿ ಹೇಳಿದ್ದರು. ಮೂರು ಸಲ ಸೋತ ಮೇಲೂ ನಾಲ್ಕನೆಯ ಸಲ ಆಡಬೇಕೆನ್ನಿಸಿದರೆ ಸಹಿ ಹಾಕುತ್ತಾರೆ, ಇಲ್ಲವಾದರೆ ನಾನೂ ಗ್ರಂಥಾಲಯದ್ದನ್ನೇ ಬರೆಯಬೇಕು. ಎರಡು ತಿಂಗಳ ಕೆಲಸ ಹೋಗುತ್ತಿತ್ತು, ಅದು ದೊಡ್ಡದಲ್ಲ. ಆದರೆ ನಾನಾಗಿ ಬಾಯಿಬಿಟ್ಟು ಕೇಳಿ ಪಡೆದ ಮೊದಲ ಕೆಲಸ ಅದು. ಆಪಾ ಹೊದಿಕೆ ಎಳೆದದ್ದು ಶುಕ್ರವಾರ.

"ನಿನ್ನ ದೆವ್ವ ಮೋಸ ಮಾಡತೈತಿ, ತಂಗಿ. ನಾ ಎಲ್ಲಿ ಅಡಗಿದ್ರೂ ಅದಕ್ಕ ಮೊದಲ ಗೊತ್ತಿರತೈತಿ. ನನಗ ಹೆದರಿಕಿ ಬರವಲ್ದು, ಸಿಟ್ಟು ಬರಾಕ ಹತ್ತೈತಿ."

ಅವರು ಹೇಳಿದ್ದು ನಿಜ. ಆಡುವವರು ಎಲ್ಲಿದ್ದಾರೆಂದು ನನ್ನ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ದೆವ್ವಕ್ಕೆ ಹೇಳಿಬಿಡುತ್ತಿತ್ತು. ಅದು ಹುಡುಕುತ್ತಿರಲಿಲ್ಲ, ಹತ್ತಿರದ ದಾರಿ ಹಿಡಿದು ಬರುತ್ತಿತ್ತು ಅಷ್ಟೇ. ಅದನ್ನು ಮಾಡಿಸುತ್ತಿದ್ದ ನಾಲ್ಕು ಸಾಲಿನ ಕೋಡಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಇನ್ನೊಂದು ದೂರೂ ಇತ್ತು. ಸಿನಿಮಾದಲ್ಲಿ ಕೇಳಿದ್ದ ರೂಢಿಯಿಂದ ನಾನು ದೆವ್ವಕ್ಕೆ ಗೆಜ್ಜೆಯ ಸಪ್ಪಳ ಕೊಟ್ಟಿದ್ದೆ. "ಗೆಜ್ಜಿ ಸಪ್ಪಳ ಆದ್ರ ನಮ್ಮ ಸಣ್ಣಾಕಿ ಎದ್ದಳು ಅಂತ ತಿಳೀತೇನಿ. ಇದಕ್ಕೂ ಹಾಲು ಕಾಸಿ ಕೊಡಬೇಕೇನು?" ಎಂದು ಕೇಳಿದರು. ನಮ್ಮ ಕಡೆ ಪ್ರತಿ ಮನೆಯಲ್ಲೂ ಮಗು ಎಲ್ಲಿದೆಯೆಂದು ತಿಳಿಯುವುದೇ ಆ ಸಪ್ಪಳದಿಂದ. ಅದು ನನಗೆ ಹೊಳೆದಿರಲಿಲ್ಲ.

ಅದೇ ಮಧ್ಯಾಹ್ನ ಅವ್ವ ಅಜ್ಜಿಯ ಔಷಧಿ ಕೊಟ್ಟು ನನ್ನನ್ನು ಅಜ್ಜನ ಊರು ಮುರಗೋಡಕ್ಕೆ ಕಳಿಸಿದಳು. ಪಡಸಾಲೆಯಲ್ಲಿ ಅಜ್ಜಿ ಮತ್ತು ಚಿಕ್ಕಪ್ಪನ ಹೆಂಡತಿ ಕಾಕಿ ಜೋಳ ಹಸನು ಮಾಡುತ್ತಿದ್ದರು. ನಾನು ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದೆ. ತಲೆಬಾಗಿಲ ಹೊರಗೆ ಅಜ್ಜ ಕೆಮ್ಮಿದರು. ಕಾಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಜ್ಜಿ ಮಾತು ನಿಲ್ಲಿಸಿದಳು. ನನ್ನ ಕಾಲು ತಾನಾಗಿಯೇ ಮಡಚಿಕೊಂಡಿತು. ಆಮೇಲೆ ಅಜ್ಜ ಒಳಗೆ ಬಂದರು, ಯಾರ ಕಡೆಗೂ ನೋಡದೆ ನಡುಮನೆಗೆ ಹೋದರು.

ಎಂಟು ವರ್ಷದವಳಿದ್ದಾಗ ಬಿಸಿಲಿನಲ್ಲಿ ಕಾಗದ ಸುಡಲು ಹೋಗಿ ಅವರ ಕನ್ನಡಕದ ಗಾಜು ಒಡೆದಿದ್ದೆ. ಅವರು ನನ್ನನ್ನು ಕೋಣೆಯಿಂದ ಕೋಣೆಗೆ ಹುಡುಕಿದರು. ಅಷ್ಟು ಸಿಟ್ಟಿನಲ್ಲೂ ಪ್ರತಿ ಹೊಸ್ತಿಲಿಗೆ ನಿಂತು ಕೆಮ್ಮುತ್ತಿದ್ದರು. ಕೆಮ್ಮು ನಡುಮನೆಗೆ ಬಂದಾಗ ನಾನು ಅಡುಗೆಮನೆಗೆ ಸರಿದೆ, ಅಡುಗೆಮನೆಗೆ ಬಂದಾಗ ಹತ್ತಿ ತುಂಬಿದ್ದ ಹಿಂದಿನ ಕೋಣೆಗೆ. ಅದಕ್ಕೆ ಬೇರೆ ಬಾಗಿಲಿರಲಿಲ್ಲ. ಹತ್ತಿಯೊಳಗೆ ನನಗೆ ಸೀನು ಬಂತು. ಅಜ್ಜ ಹಿಂಡಿದ ಕಿವಿ ಎರಡು ದಿನ ನೋಯುತ್ತಿತ್ತು. ಆದರೆ ಅನ್ಯಾಯವಾಯಿತೆಂದು ಆಗಲೂ ಅನ್ನಿಸಿರಲಿಲ್ಲ, ಆ ಕೋಣೆ ಆರಿಸಿಕೊಂಡವಳು ನಾನೇ.

ಅಷ್ಟು ಸಿಟ್ಟು ಬಂದಾಗಲೂ ಅಜ್ಜ ಯಾಕೆ ಕೆಮ್ಮುತ್ತಿದ್ದರೆಂದು ಅಜ್ಜಿಯನ್ನು ಕೇಳಿದೆ. ಇದೇನು ಕೇಳುವ ಮಾತೇ ಎಂಬಂತೆ ಅವಳು ಮೊರ ಕೆಳಗಿಟ್ಟಳು.

"ಒಳಗ ನಾವು ಹೆಣ್ಮಕ್ಕಳು ಹೆಂಗ ಕುಂತಿರತೇವೋ ಏನೋ. ಸಿಟ್ಟು ಅವರದವ್ವಾ, ಮನಿ ಎಲ್ಲಾರದು."

ನಾನು ಸಂಜೆಯ ಬಸ್ಸು ಹಿಡಿಯುವ ಮೊದಲು ಅಜ್ಜ ಮೂರು ಸಲ ಒಳಗೆ ಬಂದರು. ನಾನು ಗಡಿಯಾರ ನೋಡಿದೆ. ಕೆಮ್ಮಿಗೂ ಹೊಸ್ತಿಲು ದಾಟುವುದಕ್ಕೂ ನಡುವೆ ಸುಮಾರು ಮೂರು ಸೆಕೆಂಡು.

ಶನಿವಾರ ಇಡೀ ದಿನ ಕುಳಿತು ದೆವ್ವವನ್ನು ತಿರುಗಿ ಬರೆದೆ. ಇನ್ನು ಅದಕ್ಕೆ ಕಂಡದ್ದು, ಕೇಳಿದ್ದು ಮಾತ್ರ ಗೊತ್ತು. ಆಡುವವರು ತಪ್ಪಿಸಿಕೊಂಡರೆ ಕೊನೆಗೆ ಕಂಡ ಜಾಗಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತದೆ. ಓಡುವುದಿಲ್ಲ. ಪ್ರತಿ ಕೋಣೆಯ ಹೊರಗೆ ಕೆಮ್ಮಿ, ಮೂರು ಸೆಕೆಂಡು ತಡೆದು ಒಳಗೆ ಬರುತ್ತದೆ. ಆಟ ಎಷ್ಟೇ ಮುಂದೆ ಹೋದರೂ ಆ ಮೂರು ಸೆಕೆಂಡನ್ನು ಕಡಿಮೆ ಮಾಡಬಾರದೆಂದು ನಿಶ್ಚಯಿಸಿದೆ. ಇಷ್ಟೆಲ್ಲ ತಿಳಿಸಿ ಬರುವ ದೆವ್ವಕ್ಕೆ ಯಾರು ಹೆದರುತ್ತಾರೆ ಎಂಬ ಅಳುಕು ನನಗೇ ಇತ್ತು.

ಅಜ್ಜನ ಕೆಮ್ಮನ್ನು ಧ್ವನಿಮುದ್ರಿಸಿಕೊಳ್ಳಲು ಕೇಳುವ ಧೈರ್ಯ ನನಗಿರಲಿಲ್ಲ. ಮನೆಯಲ್ಲಿ ಹಿತ್ತಾಳೆಯ ಕೊಡದೊಳಗೆ ಬಾಯಿಟ್ಟು ನಾನೇ ಹದಿನೈದು ಸಲ ಕೆಮ್ಮಿದೆ. ಅವ್ವ ಶುಂಠಿ ಕಷಾಯ ಮಾಡಿ ತಂದಿಟ್ಟಳು. ನಾನೂ ಕುಡಿದೆ.

ಭಾನುವಾರ ಕ್ಲಾಸಿಗೆ ರಜೆ. ಆದರೂ ಆಪಾ ನನಗಾಗಿ ಬೀಗ ತೆಗೆದರು. ಮೊದಲ ಕೆಮ್ಮಿಗೆ ನಕ್ಕರು, ಇದು ನಮ್ಮ ಮಾವನವರೇ ಎಂದರು. ಎರಡನೆಯದಕ್ಕೆ ನಗಲಿಲ್ಲ. ಮೂರನೆಯದಕ್ಕೆ ಅವರ ಬೆರಳುಗಳು ಕೀಬೋರ್ಡನ್ನು ಮುಟ್ಟದೆ ಮೇಲೆಯೇ ನಿಂತವು, ಕುತ್ತಿಗೆ ಬಾಗಿಲ ಕಡೆಗೆ ತುಸು ತಿರುಗಿತು. ಭಯ ಸಿಕ್ಕಿಬೀಳುವ ಕ್ಷಣದಲ್ಲಿ ಇರಲಿಲ್ಲ, ಆ ಮೂರು ಸೆಕೆಂಡಿನಲ್ಲಿತ್ತು. ಅಲ್ಲಿಯವರೆಗೆ ನಾನು ಅದನ್ನು ಬೇರೆಲ್ಲೋ ಹುಡುಕುತ್ತಿದ್ದೆ.

ಅವರು ಮೂರು ಸಲವೂ ಸೋತರು. ನಾನು ಹೊದಿಕೆಯ ಕಡೆಗೆ ನೋಡಿದೆ.

"ತಡೀ ತಂಗಿ," ಎಂದು ಕುರ್ಚಿ ಬಿಡದೆಯೇ ಹೇಳಿದರು. "ಈ ಸಲ ತಪ್ಪು ನಂದು. ಕೆಮ್ಮಿದ್ದು ಕೇಳಿತ್ತು. ಕೀಲಿ ಸಿಕ್ಕೀತಂತ ನಿಂತೆ." ನಾಲ್ಕನೆಯ ಸಲ ಆಡಿದರು, ಐದನೆಯ ಸಲ ಕೀಲಿಕೈ ಹಿಡಿದು ಹೊರಗೆ ಬಂದರು. ಊಟದ ಹೊತ್ತು ಮೀರಿತ್ತು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೋಗಿ ಗೈಡ್ ಮುಂದೆ ಸಿ.ಡಿ. ಇಟ್ಟೆ. ಹೇಗೆ ಆಡಬೇಕೆಂದು ಎರಡು ಮಾತಿನಲ್ಲಿ ಹೇಳಿ, ಅವರ ಬೆನ್ನ ಹಿಂದೆ ಕಿಟಕಿಯ ಹತ್ತಿರ ನಿಂತೆ. ಅವರು ಮೂರು ಸಲ ಸೋತರು. ನನ್ನ ಕಡೆ ತಿರುಗಲಿಲ್ಲ, ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ನಾನು ಸಪ್ಪಳ ಮಾಡದೆ ಹೊರಗೆ ಬಂದು, ಬಾಗಿಲು ಮುಂದೆ ಮಾಡಿ, ಅವರು ಆಡಿ ಮುಗಿಸುವವರೆಗೆ ವರಾಂಡದಲ್ಲಿ ನಿಂತುಕೊಂಡೆ.