ವಿಷದ ಬಟ್ಟಲು, ತೋಟದ ಪ್ರಾರ್ಥನೆ

ಆಗ ನಾನು ದೇವದುರ್ಗದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಅತಿಥಿ ಉಪನ್ಯಾಸಕಿ. ರಾಯಚೂರಿನ ಬಾಡಿಗೆ ಕೋಣೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಹಳ ಸಲ ಕೂರಲು ಸೀಟು ಸಿಗುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಪಾಠ ಮುಗಿಸಿ ಮಾನ್ವಿಗೂ ಹೋಗಬೇಕಿತ್ತು. ಅಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಅವ್ವ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ಕಾಲದಲ್ಲಿ ಅವಳಿಗೆ ಅಕ್ಷರ ಕಲಿಸಿದವರು ಅವರೇ. ಈಗ ಅವರ ಕಣ್ಣು ಮಂಜಾಗಿ ಸತ್ಯವೇದ, ಅಂದರೆ ಬೈಬಲ್, ಓದಲು ಆಗುತ್ತಿರಲಿಲ್ಲ. "ವಾರಕ್ಕೊಮ್ಮೆ ಓದಿ ಹೇಳಿ ಬಾ" ಎಂದು ಅವ್ವ ನನ್ನನ್ನು ಕಳಿಸಿದ್ದಳು. ನಮ್ಮದು ಬುದ್ಧನ ಪಟದ ಮುಂದೆ ದೀಪ ಹಚ್ಚುವ ಮನೆ. ನನಗೆ ಆ ಪುಸ್ತಕದಲ್ಲಿ ಭಕ್ತಿಯೂ ಇರಲಿಲ್ಲ, ವಿರೋಧವೂ ಇರಲಿಲ್ಲ. ದಣಿವಷ್ಟೇ ಇತ್ತು.

ಒಂದು ಶನಿವಾರ ಓದುತ್ತ ಓದುತ್ತ ಎರಡು ಸಾಲು ಬಿಟ್ಟುಬಿಟ್ಟೆ. ನರ್ಸಮ್ಮನಿಗೆ ಗೊತ್ತಾಯಿತು.

"ಏನ್ ಚಿಂತಿ ಬೇ ನಿನಗ?"

"ಸೋಮವಾರದ ಪಾಠ ಓದಿಕೊಂಡಿಲ್ರೀ. ಗ್ರೀಕರ ಜ್ಞಾನಿ ಒಬ್ಬಾತ ವಿಷ ಕುಡಿದು ಸತ್ತದ್ದು ಹೇಳಬೇಕು."

"ಹಂಗಾದ್ರ ಅದನ್ನೂ ಇಲ್ಲೇ ಓದು. ನಾನೂ ಕೇಳ್ತೀನಿ."

ಚೀಲದಿಂದ ಪುಸ್ತಕ ತೆಗೆದು, ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮರಣದಂಡನೆಯಾದ ಮುದುಕ ಅಳುವ ಹೆಂಡತಿಯನ್ನು ಮನೆಗೆ ಕಳಿಸುತ್ತಾನೆ. ಆತ್ಮಕ್ಕೆ ಸಾವಿಲ್ಲವೆಂದು ಗೆಳೆಯರೊಡನೆ ವಾದಿಸುತ್ತಾನೆ. ಕಡೆಗೆ ಕೈ ನಡುಗದೆ ಬಟ್ಟಲು ಎತ್ತುತ್ತಾನೆ. ತರಗತಿಯಲ್ಲಿ ಇಲ್ಲಿಗೆ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ. ನರ್ಸಮ್ಮ ಸುಮ್ಮನಾಗಲಿಲ್ಲ.

"ಹೆಂಡ್ತಿನ ಯಾಕ ಕಳಿಸಿದ?"

"ಅಳಾಕತ್ತಿದ್ಲು, ಅದಕ್ಕ."

"ಅಳ್ಲಿ ಬಿಡು. ಮೂವತ್ತು ವರ್ಷ ವಾರ್ಡಿನ್ಯಾಗ ಕೆಲಸ ಮಾಡೀನಿ. ಅಂಜದಂಗ ಸತ್ತವರ್ನ ಒಬ್ಬರ್ನೂ ನೋಡಿಲ್ಲ. ಈಗ ನಮ್ಮದು ಓದು, ತೋಟದಾಗ ಪ್ರಾರ್ಥನಿ ಮಾಡೋದು."

ಯೇಸುವನ್ನು ಹಿಡಿದೊಯ್ಯುವ ಮೊದಲಿನ ಭಾಗ ಅದು. ಅವನಿಗೂ ಕುಡಿಯಬೇಕಾದ ಬಟ್ಟಲೊಂದಿದೆ, ವಿಷದ್ದಲ್ಲ, ಬರಲಿರುವ ಸಾವಿನದು. ಅದು ತಪ್ಪಿಹೋಗಲಿ ಎಂದು ಬೇಡಿಕೊಳ್ಳುತ್ತಾನೆ. ಹೆದರಿದ್ದಾನೆ. ಎಚ್ಚರವಿದ್ದು ಜೊತೆಗಿರಿ ಎಂದು ಕೇಳಿಕೊಂಡರೂ ಶಿಷ್ಯರು ನಿದ್ದೆ ಹೋಗುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ನಾನೂ ನಿದ್ದೆ ಹೋದೆ.

ಕಣ್ಣು ಬಿಟ್ಟಾಗ ಬಿಸಿಲು ಅಂಗಳ ದಾಟಿತ್ತು. ಸತ್ಯವೇದ ಅವರ ತೊಡೆಯ ಮೇಲಿತ್ತು. ನನಗೆ ನಾಚಿಕೆಯಾಯಿತು.

"ಎಬ್ಬಿಸಬೇಕಿತ್ರೀ."

"ಯೇಸು ಎದ್ದು ಬಂದು ಬಂದು ಶಿಷ್ಯರ್ನ ಎಬ್ಬಿಸಿದ. ಪಾಪ, ಅವರೂ ಆತನ ಹಿಂದ ನಡದು ನಡದು ದಣಿದಿದ್ರು. ನನಗ ಎಬ್ಬಿಸಾಕ ಮನಸಾಗ್ಲಿಲ್ಲ."

ಸೋಮವಾರ ವಿಷದ ಬಟ್ಟಲಿನ ಪಾಠ ಮಾಡಿದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಆತಗ ಖರೇನ ಅಂಜಿಕಿ ಆಗಲಿಲ್ಲೇನ್ರೀ ಮೇಡಂ?"

ಹಾಗೆಂದು ಅವನ ಶಿಷ್ಯ ಬರೆದಿದ್ದಾನೆ ಎಂದೆ. ಆ ಶಿಷ್ಯ ಆ ದಿನ ಕಾಯಿಲೆ ಬಿದ್ದು ಅಲ್ಲಿಗೆ ಹೋಗಿರಲಿಲ್ಲವಂತೆ ಎನ್ನುವುದನ್ನೂ ಹೇಳಿದೆ. ಅದುವರೆಗೆ ಯಾವ ವರ್ಷವೂ ಅದನ್ನು ತರಗತಿಯಲ್ಲಿ ಹೇಳಿರಲಿಲ್ಲ.

"ಇದು ಪರೀಕ್ಷೆಗೆ ಬರ್ತದೇನ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಇಲ್ಲ ಎಂದೆ. ಎಲ್ಲರೂ ಪೆನ್ನು ಕೆಳಗಿಟ್ಟರು. ಆ ಹುಡುಗಿ ಮಾತ್ರ ಬರೆದುಕೊಂಡಳು.