ಬೊಟ್ಟಿಲ್ಲದ ಸೈಲೆನ್ಸರ್

ನನ್ನ ತಮ್ಮನ ಪಿಕಪ್ ಲಾರಿ ತಮಿಳುನಾಡಿನ ನಮ್ಮೂರು ಬೋಡಿಯಿಂದ ಘಾಟಿ ಹತ್ತಿ ಏಲಕ್ಕಿ ತೋಟಗಳಿಗೆ ಗೊಬ್ಬರ ಒಯ್ಯುತ್ತಿತ್ತು. ಇಳಿಯುವಾಗ ಏಲಕ್ಕಿ ಮೂಟೆ ತರುತ್ತಿತ್ತು. ಅವನ ಸ್ವಂತದ್ದು, ಹೊಸದು. ಹೊರೆ ಹೊತ್ತು ತಿರುವು ಹತ್ತುವಾಗ ಮಾತ್ರ ಏದುಸಿರು ಬಿಡುತ್ತದೆಂದು ಅವನಿಗೆ ಕೊರಗು. ತೇನಿಯ ಒಂದು ವರ್ಕ್‌ಶಾಪಿನಲ್ಲಿ ಕಂಪನಿಯ ಫಿಲ್ಟರ್ ಡಬ್ಬಿ ತೆಗೆಸಿ, ಹೆಚ್ಚು ಗಾಳಿ ಎಳೆಯುವ ತೆರೆದ ಫಿಲ್ಟರ್ ಹಾಕಿಸಿದ. ಸೈಲೆನ್ಸರನ್ನೂ ಬದಲಿಸಿ ದಪ್ಪ ಕೊಳವೆಯದನ್ನು ಕೂರಿಸಿದ. ಲಾರಿ ಸಲೀಸಾಗಿ ಹತ್ತಿತು. ಊರ ಹೊರಗೆ ಅದರ ಗುಡುಗು ಕೇಳಿದೊಡನೆ ಅವ್ವ ದೋಸೆ ಕಲ್ಲನ್ನು ಒಲೆಗಿಡುತ್ತಿದ್ದಳು.

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ದುಡಿಯುವ ಯಾವ ವಸ್ತುವನ್ನೂ ಬಿಡುವಂತಿಲ್ಲ. ಬಿಟ್ಟದ್ದು ಮುನಿಯುತ್ತದೆ. ಆ ವರ್ಷ ಅವ್ವ ಬಟ್ಟಲಲ್ಲಿ ಗಂಧ ಕಲಸಿಕೊಂಡು ಬಂದು, ಬಾನೆಟ್ ಎತ್ತಿಸಿ, ಬ್ಯಾಟರಿಗೆ, ರೇಡಿಯೇಟರಿಗೆ, ಒಂದೊಂದು ಕೊಳವೆಗೂ, ಕೆಳಗೆ ಬಾಗಿ ಸೈಲೆನ್ಸರಿಗೂ ಬೊಟ್ಟಿಟ್ಟಳು.

"ಜಾಕಿಗೂ ಇಕ್ಕವ್ವಾ, ಇಲ್ಲಾಂದ್ರೆ ಅದು ಗಾಡಿ ಎತ್ತಾಕಿಲ್ಲ" ಎಂದು ತಮ್ಮ ರೇಗಿಸಿದ.

"ಇಕ್ಕಾಯ್ತು. ನಿನ್ನ ಹಣೆಗೂ ಇಕ್ಕಲಾ?"

ಕೆಲವು ತಿಂಗಳಲ್ಲಿ ಲಾರಿ ಹೊಗೆ ಕಾರಿ ಘಾಟಿಯಲ್ಲೇ ನಿಂತಿತು. ತೋಟದ ಮಣ್ಣುದಾರಿಯ ಧೂಳು ಆ ಫಿಲ್ಟರ್ ದಾಟಿ ಎಂಜಿನ್ನನ್ನು ತಿಂದಿತ್ತು. ವಾರಂಟಿ ಇನ್ನೂ ಇತ್ತು. ಆದರೆ ಹೊರಗಿನ ಸಾಮಾನು ಹಾಕಿಸಿದ್ದು ತಿಳಿದರೆ ಅದು ನಡೆಯದು. ತಮ್ಮ ಲಾರಿಯನ್ನು ಮನೆಗೆ ಎಳೆಸಿ ತಂದು, ಅಂಗಳದಲ್ಲೇ ಹಳೆಯ ಡಬ್ಬಿ, ಹಳೆಯ ಸೈಲೆನ್ಸರ್ ಮರಳಿ ಕೂರಿಸಿದ. ಏಕೆಂದು ಅವ್ವನಿಗೆ ಹೇಳಲಿಲ್ಲ. ನನಗೆ ಹೇಳಿದ.

ಲಾರಿಯನ್ನು ದಿಂಡಿಗಲ್ಲಿಗೆ ಎಳೆಸಿದೆವು. ಕಣ್ಣು ತೋರಿಸಬೇಕೆಂದು ಅವ್ವನೂ ಬಸ್ಸಿನಲ್ಲಿ ನಮ್ಮ ಜೊತೆ ಬಂದಳು. ಸರ್ವಿಸ್ ಸೆಂಟರಿನ ಪರೀಕ್ಷಕ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಕೆಳಗೆ ಬಾಗಿಯೂ ನೋಡಿದ. ಒರಟಾಗಿ ಮಾತಾಡಲಿಲ್ಲ. ಎಲ್ಲದಕ್ಕೂ ಗಂಧ ಇಟ್ಟಿದ್ದೀರಿ, ಈ ಡಬ್ಬಿ, ಈ ಸೈಲೆನ್ಸರ್ ಎರಡನ್ನೇ ಏಕೆ ಬಿಟ್ಟಿರಿ ಎಂದು ತಮಿಳಿನಲ್ಲಿ ಕೇಳಿದ.

ನಾನು ಅವ್ವನ ಕೈ ಹಿಡಿಯಬಹುದಿತ್ತು. ಅಷ್ಟರಲ್ಲಿ ಅವಳು ಮುಂದೆ ಹೋಗಿ ತನ್ನ ತಮಿಳಿನಲ್ಲೇ ಹೇಳಿದಳು: ಬಿಡಲಿಲ್ಲ ತಂಬಿ, ನಾನೇ ಇಟ್ಟೆ, ಅವು ಬೇರೆ, ಇವು ಬೇರೆ, ಅವು ಮನೆಯಲ್ಲಿವೆ, ಬೇಕಾದರೆ ಬಂದು ನೋಡು.

ಪರೀಕ್ಷಕ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ.

ವಾರಂಟಿ ಹೋಯಿತು. ಹೊಸ ಎಂಜಿನ್ ಸ್ವಂತ ದುಡ್ಡಿನಲ್ಲಿ ಹಾಕಿಸುವ ಶಕ್ತಿ ನಮಗಿರಲಿಲ್ಲ. ಲಾರಿ ನಿಂತಲ್ಲೇ ಬೇರೆಯವರ ಪಾಲಾಯಿತು. ಅಂದು ಮರಳುವಾಗ ಬಸ್ಸಿನಲ್ಲಿ ಅವ್ವ ಒಮ್ಮೆ ಮಾತ್ರ ಕೇಳಿದಳು: "ನಾ ಏನಾರ ತಪ್ಪು ಹೇಳಿದ್ನಾ?"

"ಇಲ್ಲವ್ವಾ. ಇದ್ದುದ್ನೇ ಹೇಳ್ದೆ" ಎಂದ ತಮ್ಮ. ಕಿಟಕಿಯತ್ತ ಮುಖ ತಿರುಗಿಸಿಕೊಂಡ. ಬತ್ತಲಗುಂಡು ಊರು ದಾಟುವ ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿತ್ತೆಂದು ನನ್ನ ಎಣಿಕೆ. ಬೊಟ್ಟಿಟ್ಟಿದ್ದ ಬಲಗೈ ಬೆರಳನ್ನು ಮಡಿಲಲ್ಲಿ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಈಗ ತಮ್ಮ ಬೇರೊಬ್ಬರ ಲಾರಿ ಓಡಿಸುತ್ತಾನೆ. ಮರುವರ್ಷದ ಆಯುಧ ಪೂಜೆಗೆ ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಬಾನೆಟ್ ಎತ್ತಿ ಕರೆದ. ಅವ್ವ ಹೊಸಿಲ ಹೊರಗೆ ಬರಲಿಲ್ಲ. ಗಂಧದ ಬಟ್ಟಲನ್ನು ನನ್ನ ಕೈಗಿತ್ತಳು.

"ಅವನೇ ಇಕ್ಕಲಿ. ಯಾವುದಕ್ಕೆ ಇಕ್ಕಬೇಕು, ಯಾವುದಕ್ಕೆ ಬ್ಯಾಡ ಅಂತ ಅವನಿಗೆ ಗೊತ್ತು."

ಅವನು ಬಟ್ಟಲು ಹಿಡಿದು ನಿಂತೇ ಇದ್ದ. ಗಂಧ ಒಣಗಿತು.